ಅಡಿಕೆ ಮಾರಿದ ದುಡ್ಡು ಯಾರ ಖಾತೆಗೆ? ಗಡಿನಾಡಿನಲ್ಲಿ ಜಾಗ ಮಾಡುವವರ ಮದುವೆಯ ಪ್ರಶ್ನೆ

ಕಳೆದ ಮೇ ತಿಂಗಳಲ್ಲಿ ಬದಿಯಡ್ಕದಿಂದ ಒಳಗಿನ ಒಂದು ತೋಟದ ಮನೆಗೆ ಹುಡುಗಿಯ ಕಡೆಯವರು ಮನೆ ನೋಡಲು ಬಂದಿದ್ದರು. ಹುಡುಗ ನನ್ನ ದೂರದ ಸಂಬಂಧಿ. ಬೆಂಗಳೂರಿನಲ್ಲಿ ಎಂಟು ವರ್ಷ ದುಡಿದು, ಕೆಲಸ ಬಿಟ್ಟು, ಅಪ್ಪನ ತೋಟದ ಮೇಲಿನ ಗುಡ್ಡೆಯಲ್ಲಿ ಮೂರು ಎಕ್ರೆ ಹೊಸ ಜಾಗ ಮಾಡಲು, ಅಂದರೆ ಹೊಸ ತೋಟ ಎಬ್ಬಿಸಲು, ಹೊರಟವನು. ಜಾತಕ ಕೂಡಿತ್ತು, ಎರಡೂ ಮನೆಯವರಿಗೆ ಪರಸ್ಪರ ಪರಿಚಯವಿತ್ತು, ಹಲಸಿನ ಹಣ್ಣಿನ ಕಡುಬು ತಿಂದಾಗಿತ್ತು. ಹುಡುಗಿ ತೋಟಕ್ಕೆ ಒಂದು ಸುತ್ತು ಹೋಗಿ ಬಂದವಳು ಜಗಲಿಯಲ್ಲಿ ಕುಳಿತು, ಯಾರನ್ನೂ ನೋಯಿಸದ ಸ್ವರದಲ್ಲಿ, "ಅಡಿಕೆ ಮಾರಿದ ದುಡ್ಡು ಯಾರ ಖಾತೆಗೆ ಬರುತ್ತದೆ?" ಎಂದು ಕೇಳಿದಳು. ಹುಡುಗ ಅಪ್ಪನ ಮುಖ ನೋಡಿದ. "ಸೊಸೈಟಿಯಲ್ಲಿ ನನ್ನ ಹೆಸರಿನ ಖಾತೆ ಇದೆಯಲ್ಲ, ಅದಕ್ಕೇ ಬರುವುದು. ಇವನಿಗೆ ಬೇಕಾದಾಗ ನಾನು ಕೊಡುತ್ತೇನೆ" ಎಂದರು ಅಪ್ಪ. ಆ ಸಂಬಂಧ ಮುಂದುವರಿಯಲಿಲ್ಲ. ಈಗಿನ ಹುಡುಗಿಯರಿಗೆ ತೋಟ ಬೇಡ, ಪೇಟೆಯೇ ಬೇಕು ಎಂದು ಆ ಮನೆಯಲ್ಲಿ ಈಗಲೂ ಹೇಳುತ್ತಾರೆ. ಅವಳು ತೋಟ ಬೇಡವೆಂದು ಹೇಳಿದ್ದನ್ನು ನಾನು ಕೇಳಲಿಲ್ಲ. ತೋಟದಲ್ಲಿ ತನಗೆ ಎಷ್ಟು ಜಾಗವಿದೆ ಎಂದು ಅವಳು ಕೇಳಿದ್ದಳು, ಮತ್ತು ಅವಳಿಗೆ ಉತ್ತರ ಸಿಕ್ಕಿತ್ತು.

ಕಾಸರಗೋಡಿನ ಕನ್ನಡ ಪ್ರದೇಶದಲ್ಲಿ, ಅಂದರೆ ಮಂಜೇಶ್ವರದಿಂದ ಪೈವಳಿಕೆ, ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು, ದೇಲಂಪಾಡಿಯವರೆಗಿನ ಪಂಚಾಯತುಗಳಲ್ಲಿ, ಎರಡು ಬಗೆಯ ಜನ ಈಗ ಮಣ್ಣಿಗೆ ಮರಳುತ್ತಿದ್ದಾರೆ. ಹಿರಿಯರ ತೋಟವಿರುವ ಮನೆಗಳ ಮಕ್ಕಳು ಮೊದಲನೆಯವರು. 2020ರ ಲಾಕ್‌ಡೌನಿನಲ್ಲಿ ಮನೆಗೆ ಬಂದು, ಮನೆಯಿಂದಲೇ ಕೆಲಸ ಮಾಡುತ್ತ, ಮರು ವರ್ಷ ಚಾಲಿ, ಅಂದರೆ ಬಿಸಿಲಿಗೆ ಒಣಗಿಸಿ ಸುಲಿದ, ಅಡಿಕೆಯ ಧಾರಣೆ ಕಿಲೋಗೆ 500 ರೂಪಾಯಿ ದಾಟಿದ್ದನ್ನು ಕಂಡು, ಕೆಲವರು ಊರಲ್ಲೇ ನಿಲ್ಲುವ ನಿರ್ಧಾರ ಮಾಡಿದರು. ಎರಡನೆಯವರಿಗೆ ಇಲ್ಲಿ ಮನೆಯಿಲ್ಲ, ಕೆಲವರಿಗೆ ಸಂಬಂಧಿಕರೂ ಇಲ್ಲ. ಕೂಡಿಟ್ಟ ಹಣದಲ್ಲಿ ಎರಡೋ ಮೂರೋ ಎಕ್ರೆ ಕೊಂಡು, ಬಾವಿ ತೋಡಿಸಿ, ಚಿಕ್ಕ ಮನೆ ಕಟ್ಟಿ, ತಾವು ಉಣ್ಣುವುದನ್ನು ತಾವೇ ಬೆಳೆಯಬೇಕೆಂದು ಹೊರಟವರು. ಎರಡೂ ಗುಂಪಿನಲ್ಲಿ ಮದುವೆಯಾಗದವರು ಬಹಳ. ಜಾಗ ಮಾಡುವ ಕೆಲಸ ಮತ್ತು ಜೊತೆಗಾರರನ್ನು ಹುಡುಕುವ ಕೆಲಸ ಇವರಿಗೆ ಒಟ್ಟೊಟ್ಟಿಗೇ ಬಂದಿವೆ, ಮತ್ತು ಹೆಚ್ಚಿನವರು ಎರಡನೆಯದರಲ್ಲಿ ಸೋಲುತ್ತಿದ್ದಾರೆ.

ಈ ಸೋಲಿಗೆ ಎಲ್ಲರೂ ಮೊದಲು ಕೊಡುವ ಕಾರಣ ಹೆಣ್ಣುಮಕ್ಕಳ ಸಂಖ್ಯೆ ಕಡಿಮೆ ಎಂಬುದು. ಬೇರೆ ಕಡೆ ಅದರಲ್ಲಿ ಹುರುಳಿದೆ. 2022ರ ಡಿಸೆಂಬರಿನಲ್ಲಿ ಸೊಲ್ಲಾಪುರದಲ್ಲಿ, ಅಂದರೆ ಅಕ್ಕಲಕೋಟೆಯಂಥ ಕನ್ನಡ ಸೀಮೆ ಇರುವ ಗಡಿ ಜಿಲ್ಲೆಯಲ್ಲಿ, ಮದುವೆಯಾಗದ ಯುವಕರು ಮದುಮಗನ ವೇಷ ತೊಟ್ಟು, ಕೆಲವರು ಕುದುರೆ ಏರಿ, ಜಿಲ್ಲಾಧಿಕಾರಿ ಕಚೇರಿಗೆ ಮೆರವಣಿಗೆ ಹೋದರು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯನ್ನು ಕಟ್ಟುನಿಟ್ಟಾಗಿ ಜಾರಿ ಮಾಡಬೇಕೆಂಬುದು ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ಮರು ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು, ಅವರಲ್ಲಿ ಹೆಚ್ಚಿನವರು ರೈತರು, ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗಿ ಹರಕೆ ಹೊತ್ತರು. 2011ರ ಜನಗಣತಿಯಲ್ಲಿ ಸಾವಿರ ಗಂಡಸರಿಗೆ ಮಹಾರಾಷ್ಟ್ರದಲ್ಲಿ 929, ಕರ್ನಾಟಕದಲ್ಲಿ 973 ಹೆಂಗಸರಿದ್ದರು ಎಂಬುದನ್ನು ನೆನೆದರೆ ಅವರ ಸಂಕಟದ ಒಂದು ಬೇರು ಕಾಣುತ್ತದೆ. ಆದರೆ ಅದೇ ಗಣತಿಯಲ್ಲಿ ಕೇರಳದ ಸಂಖ್ಯೆ 1084, ಕಾಸರಗೋಡು ಜಿಲ್ಲೆಯದು ಸುಮಾರು 1080. ಗಲ್ಫಿಗೆ ಹೋದ ಗಂಡಸರು ಈ ಎಣಿಕೆಯಲ್ಲಿ ಸೇರಿಲ್ಲ, ಸಮುದಾಯದಿಂದ ಸಮುದಾಯಕ್ಕೆ ಲೆಕ್ಕ ಬದಲಾಗುತ್ತದೆ ಎಂಬುದನ್ನು ಒಪ್ಪಿಕೊಂಡ ಮೇಲೂ, ನಮ್ಮಲ್ಲಿ ಹೆಣ್ಣುಮಕ್ಕಳಿಲ್ಲ ಎಂದು ಹೇಳುವಂತಿಲ್ಲ. ಇದ್ದಾರೆ. ತೋಟದ ಮನೆಗೆ ಬರಲು ಒಪ್ಪುತ್ತಿಲ್ಲ. ಆದ್ದರಿಂದ ಇದನ್ನು ಎಣಿಕೆಯ ಸಮಸ್ಯೆಯೆಂದು ನೋಡದೆ, ಒಂದು ಬದುಕನ್ನು ಚೆನ್ನಾಗಿ ಬಲ್ಲವರು ಅದನ್ನು ಒಲ್ಲೆನೆನ್ನುವ ಸಮಸ್ಯೆಯೆಂದು ನೋಡಬೇಕು.

ಚೆನ್ನಾಗಿ ಬಲ್ಲವರು ಎಂದೆ. ತೋಟದ ಮನೆಯ ಹುಡುಗನನ್ನು ಬೇಡವೆನ್ನುವವರಲ್ಲಿ ಬಹುಪಾಲು ತೋಟದ ಮನೆಯಲ್ಲೇ ಹುಟ್ಟಿ ಬೆಳೆದವರು. ಅಮ್ಮ ಬೆಳಗ್ಗೆ ಐದಕ್ಕೆ ಎದ್ದು ಹಟ್ಟಿಗೆ ಹೋಗಿ, ಕೆಲಸದವರಿಗೆ ಚಾಯ ತಿಂಡಿ ಮುಗಿಸಿ, ಬಿದ್ದ ಅಡಿಕೆ ಹೆಕ್ಕಿ, ಅಂಗಳದಲ್ಲಿ ಹರವಿದ್ದನ್ನು ನಲ್ವತ್ತು ದಿನ ಬಿಸಿಲಿಗೆ ತಿರುವಿ ಹಾಕಿ, ಅಕಾಲದ ಮೋಡ ಕಂಡರೆ ಊಟದ ಕೈಯಲ್ಲೇ ಓಡಿ ಪ್ಲಾಸ್ಟಿಕ್ ಹೊದೆಸಿದ್ದನ್ನು ಅವರು ನೋಡಿದ್ದಾರೆ. ಅಷ್ಟೆಲ್ಲ ಮಾಡಿದ ಅಮ್ಮ ಮಂಗಳೂರಿಗೆ ಹೋಗುವ ಬಸ್ಸಿನ ದುಡ್ಡಿಗೆ ಅಪ್ಪನನ್ನು ಕೇಳಿದ್ದನ್ನೂ ನೋಡಿದ್ದಾರೆ. ಆ ಅಮ್ಮನೇ ಮಗಳಿಗೆ, ನೀನು ಓದು, ಈ ಹಟ್ಟಿ ಅಂಗಳ ನಿನಗೆ ಬೇಡ ಎಂದು ಹೇಳಿ ಬೆಳೆಸಿದವಳು. ಅದೇ ಮನೆಯಲ್ಲಿ ಈಗ ಮಗನಿಗೆ, ಹಟ್ಟಿ ಅಂಗಳ ನೋಡಿಕೊಳ್ಳುವ ಸೊಸೆ ಬೇಕು. ಮಗಳಿಗೆ ಹೇಳಿದ ಮಾತು ಪ್ರೀತಿಯದು, ಮಗನಿಗಾಗಿ ಹುಡುಕುವ ಆಸೆಯೂ ಪ್ರೀತಿಯದೇ. ಎರಡನ್ನೂ ಒಂದೇ ಮನೆಯಲ್ಲಿ ಇಟ್ಟುಕೊಂಡಿದ್ದೇವೆ ಎಂಬುದನ್ನು ನಾವು ಬಾಯಿಬಿಟ್ಟು ಒಪ್ಪಿಕೊಳ್ಳಬೇಕು, ಏಕೆಂದರೆ ಆಚೆಯ ಮನೆಯ ಅಮ್ಮನೂ ತನ್ನ ಮಗಳಿಗೆ ಹೇಳಿರುವುದು ಅದನ್ನೇ.

ಹೊಸದಾಗಿ ಜಾಗ ಮಾಡುವವರ ವಿಷಯದಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ, ಮತ್ತು ಅದರ ಬಗ್ಗೆ ಯಾರೂ ಸಾಕಷ್ಟು ಯೋಚಿಸಿದಂತೆ ಕಾಣುವುದಿಲ್ಲ. ತೋಟದ ಕಾಲಕ್ಕೂ ಸಂಸಾರದ ಕಾಲಕ್ಕೂ ಹೊಂದಾಣಿಕೆಯಿಲ್ಲ. ಅಡಿಕೆ ಸಸಿಯನ್ನು ಸಾಲಿನಿಂದ ಸಾಲಿಗೆ, ಗಿಡದಿಂದ ಗಿಡಕ್ಕೆ ಸುಮಾರು 2.7 ಮೀಟರ್ ಬಿಟ್ಟು ನೆಟ್ಟರೆ ಎಕ್ರೆಗೆ ಐನೂರೈವತ್ತರಷ್ಟು ಗಿಡ ಹಿಡಿಯುತ್ತದೆ. ಒಳ್ಳೆಯ ಆರೈಕೆಯಲ್ಲೂ ಫಸಲು ಕಾಣಲು ಐದಾರು ವರ್ಷ, ಸ್ಥಿರವಾಗಲು ಎಂಟರಿಂದ ಹತ್ತು ವರ್ಷ ಬೇಕು. ನಡುವೆ ಬಾಳೆ ಹಾಕಿದರೆ ಒಂದು ವರ್ಷದಲ್ಲಿ, ಕೊಕ್ಕೋ ಮತ್ತು ಕರಿಮೆಣಸು ಹಾಕಿದರೆ ಮೂರನೆಯ ನಾಲ್ಕನೆಯ ವರ್ಷದಲ್ಲಿ ಸ್ವಲ್ಪ ಸ್ವಲ್ಪ ಬರುತ್ತದೆ. ಕಾಸರಗೋಡು ಗಿಡ್ಡ ತಳಿಯ ಹಸು ಸಾಕಿದರೆ ಮೇವಿನ ಖರ್ಚು ಕಡಿಮೆ, ಗೊಬ್ಬರಕ್ಕೂ ಜೀವಾಮೃತಕ್ಕೂ ಆದೀತು, ಹಾಲು ಮಾತ್ರ ಮನೆಯ ಚಾಯಕ್ಕೆ ಸಾಕಾಗುವಷ್ಟು. ಇಷ್ಟರಲ್ಲಿ ಎಲೆಚುಕ್ಕಿ ರೋಗವೋ ಹಳದಿ ಎಲೆ ರೋಗವೋ ಬಂದರೆ ಲೆಕ್ಕವೆಲ್ಲ ಹಿಂದಕ್ಕೆ. ಸಂಸಾರ ಹಾಗೆ ಕಾಯುವುದಿಲ್ಲ. ಗ್ಯಾಸು, ಕರೆಂಟು ಬಿಲ್ಲು, ಹೆರಿಗೆ, ಮಗುವಿನ ಲಸಿಕೆ, ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ, ಇವೆಲ್ಲ ಮೊದಲ ತಿಂಗಳಿಂದಲೇ ಶುರು.

ಆ ಐದಾರು ವರ್ಷ ಮನೆ ಯಾರ ದುಡಿಮೆಯಲ್ಲಿ ನಡೆಯುತ್ತದೆ? ಇಬ್ಬರಲ್ಲಿ ಒಬ್ಬರು ಮನೆಯಿಂದಲೇ ಕೆಲಸ ಮಾಡಿದರಾಯಿತು ಎಂಬುದು ಈಗ ಸಾಮಾನ್ಯವಾಗಿ ಬರುವ ಉತ್ತರ. 2023ರ ಜೂನಿನಲ್ಲಿ ಕೇರಳ ಸರ್ಕಾರ ಕೆ-ಫೋನ್ ಎಂಬ ತನ್ನ ಇಂಟರ್ನೆಟ್ ಜಾಲವನ್ನು ಉದ್ಘಾಟಿಸಿತು, ಖಾಸಗಿ ಫೈಬರ್ ಸಂಪರ್ಕವೂ ಅನೇಕ ಒಳಗಿನ ಊರುಗಳಿಗೆ ಬಂದಿದೆ, ಇನ್ವರ್ಟರ್ ಇಟ್ಟುಕೊಂಡರೆ ಮಳೆಗಾಲದಲ್ಲೂ ಹೇಗೋ ನಡೆಯುತ್ತದೆ. ಆದರೆ ಹುಡುಗ ಕೆಲಸ ಬಿಟ್ಟು ಮಣ್ಣಿಗೆ ಇಳಿದಿದ್ದರೆ, ಆ ಒಬ್ಬರು ಎಂದರೆ ಹುಡುಗಿ ಎಂದೇ ಅರ್ಥ. ಅವಳ ಸಂಬಳದಲ್ಲಿ ಐದು ವರ್ಷ ಮನೆ ನಡೆದು, ಆ ಐದು ವರ್ಷದಲ್ಲಿ ಅವನ ತೋಟ ಬೆಳೆದು ನಿಂತರೆ, ತೋಟಕ್ಕೆ ಬಂಡವಾಳ ಹಾಕಿದವಳು ಅವಳೇ. ಗೊಬ್ಬರಕ್ಕೆ, ಪೈಪಿಗೆ, ಕೂಲಿಗೆ ಕೊಟ್ಟ ಹಣವನ್ನು ಬಂಡವಾಳವೆಂದು ಬರೆದಿಡುವ ನಾವು, ಅಕ್ಕಿ ಬೇಳೆಗೆ ಹೋದ ಹಣವನ್ನು ಬರೆಯುವುದಿಲ್ಲ. ಆ ಅಕ್ಕಿ ಬೇಳೆ ಇಲ್ಲದಿದ್ದರೆ ಅವನು ಎರಡನೆಯ ವರ್ಷವೇ ಬೆಂಗಳೂರಿನ ಬಸ್ಸು ಹತ್ತುತ್ತಿದ್ದ. ಹಾಗಿದ್ದೂ ಜಾಗದ ದಾಖಲೆಯಲ್ಲಿ ಅವಳ ಹೆಸರು ಇರುವುದಿಲ್ಲ. ಈ ಅನ್ಯಾಯವನ್ನು ಯಾರೂ ಬೇಕೆಂದು ಮಾಡುವುದಿಲ್ಲ, ಮದುವೆಗೆ ಮೊದಲು ಯಾರೂ ಅದನ್ನು ಮಾತಾಡದ ಕಾರಣ ಅದು ತಾನಾಗಿ ಆಗುತ್ತದೆ.

ಹೆಸರಿನ ಪ್ರಶ್ನೆ ಬರಿಯ ಮರ್ಯಾದೆಯದಲ್ಲ. ಜಾಗ ಹೆಸರಿನಲ್ಲಿ ಇಲ್ಲದವರಿಗೆ ವರ್ಷಕ್ಕೆ 6000 ರೂಪಾಯಿ ಬರುವ ಪಿಎಂ-ಕಿಸಾನ್ ಇಲ್ಲ, ಜಾಗದ ಮೇಲೆ ಬೆಳೆಸಾಲ ಎತ್ತಲು ಇನ್ನೊಬ್ಬರ ಸಹಿಗೆ ಕಾಯಬೇಕು, ಬೆಳೆ ಹೋದಾಗ ಪರಿಹಾರದ ಅರ್ಜಿಯನ್ನೂ ಇನ್ನೊಬ್ಬರೇ ಹಾಕಬೇಕು. ಕೃಷಿ ಭವನದ, ಅಂದರೆ ಪಂಚಾಯತಿನ ಕೃಷಿ ಕಚೇರಿಯ, ಮಟ್ಟಿಗೆ ಅವರು ಕೃಷಿಕರ ಹೆಂಡತಿ, ಕೃಷಿಕರಲ್ಲ. ತಂದೆಯ ಸ್ವಯಾರ್ಜಿತ ಜಾಗವಾದರೆ ತಂದೆ ಬರೆದು ಕೊಡುವವರೆಗೆ ಅದು ಮಗನದೂ ಅಲ್ಲ. ಮೂವತ್ತೈದು ದಾಟಿದ ಮಗ, ಅಪ್ಪನ ತೋಟದಲ್ಲಿ ಸಂಬಳವಿಲ್ಲದ ಮೇಸ್ತ್ರಿಯಂತೆ ದುಡಿಯುತ್ತಿರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಅಕ್ಕ ತಂಗಿಯರಿಗೆ ಕಾನೂನಿನಂತೆ ಪಾಲಿದೆ ಎಂಬುದನ್ನೂ ಅವನು ಸಂಬಂಧದ ಮಾತಿನಲ್ಲಿ ಎತ್ತುವುದಿಲ್ಲ, "ಆರು ಎಕ್ರೆ ಉಂಟು" ಎಂದಷ್ಟೇ ಹೇಳುತ್ತಾನೆ. ಬರುವವಳು ಆ ಆರು ಎಕ್ರೆಯ ಮೇಲೆ ಬದುಕಿನ ಲೆಕ್ಕ ಹಾಕುತ್ತಾಳೆ, ಹತ್ತು ವರ್ಷದ ನಂತರ ಪಾಲಾದಾಗ ಎರಡು ಎಕ್ರೆ ಉಳಿಯುತ್ತದೆ.

ಜಾಗ ಕೊಂಡು ಬರುವವರಿಗೆ ಇದನ್ನು ಸರಿಪಡಿಸಿಕೊಳ್ಳುವ ಅವಕಾಶ ಹೆಚ್ಚು. ಕೇರಳದಲ್ಲಿ ಕ್ರಯಪತ್ರಕ್ಕೆ 8 ಶೇಕಡಾ ಮುದ್ರಾಂಕ ಶುಲ್ಕ, 2 ಶೇಕಡಾ ನೋಂದಣಿ ಶುಲ್ಕ ಬೀಳುತ್ತದೆ. ಮದುವೆಗೆ ಮೊದಲು ಇಡೀ ಜಾಗವನ್ನು ಒಬ್ಬರೇ ಕೊಂಡು, ನಂತರ ಇನ್ನೊಬ್ಬರ ಹೆಸರು ಸೇರಿಸಬೇಕೆಂದರೆ ಮತ್ತೊಂದು ದಸ್ತಾವೇಜು, ಮತ್ತೊಂದು ಖರ್ಚು, ಮತ್ತೆ ವಿಲೇಜ್ ಆಫೀಸಿನ ಓಡಾಟ. ಕೈಯಲ್ಲಿ ಹಣವಿದ್ದರೂ ಮೊದಲು ಸ್ವಲ್ಪ ಜಾಗ ಕೊಂಡು, ಪಕ್ಕದ್ದನ್ನು ಕೊಳ್ಳುವ ಮಾತು ಮುಂದಕ್ಕಿಟ್ಟು, ಅದನ್ನು ಇಬ್ಬರ ಹೆಸರಿನಲ್ಲಿ ಮಾಡಿದವರನ್ನು ನಾನು ಕಂಡಿದ್ದೇನೆ. ಕೊಳ್ಳುವಾಗ ಜಾಗ ದಾಖಲೆಯಲ್ಲಿ ಗದ್ದೆಯೋ ಒಣಭೂಮಿಯೋ ಎಂದು ನೋಡುವುದೂ ಮದುವೆಯ ಮಾತಿಗೆ ಸೇರಿದ್ದೇ. 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯಂತೆ ಗದ್ದೆಯಲ್ಲಿ ಮನಸ್ಸು ಬಂದಂತೆ ಮನೆ ಕಟ್ಟಲಾಗುವುದಿಲ್ಲ. ಬೇರೆ ಜಾಗವಿಲ್ಲದವರಿಗೆ ಪಂಚಾಯತಿನಲ್ಲಿ ಹತ್ತು ಸೆಂಟ್ಸಿನವರೆಗೆ (ನೂರು ಸೆಂಟ್ಸಿಗೆ ಒಂದು ಎಕ್ರೆ), ಅದೂ ಅನುಮತಿ ಪಡೆದು. ಕಡಿಮೆ ಕ್ರಯಕ್ಕೆ ಸಿಕ್ಕಿತೆಂದು ಗದ್ದೆ ಕೊಂಡು, ಶೆಡ್ಡಿನಲ್ಲಿ ಎರಡು ವರ್ಷ ಕಳೆದು, ಮುಂದಿನ ವರ್ಷ ಮನೆ ಆಗುತ್ತದೆ ಎಂದು ಹೆಣ್ಣಿನ ಕಡೆಯವರಿಗೆ ಹೇಳುತ್ತಿರುವವರ ಮಾತನ್ನು ಯಾರು ನಂಬಬೇಕು?

ಹೆಣ್ಣಿನ ಹೆಸರಿನಲ್ಲಿ ಮಣ್ಣು ಇರುವುದು ಈ ಸೀಮೆಗೆ ಹೊಸದೇನೂ ಅಲ್ಲ. ಬಂಟರ, ಬಿಲ್ಲವರ ಅಳಿಯಸಂತಾನದಲ್ಲಿ ಕುಟುಂಬವೂ ಆಸ್ತಿಯೂ ತಾಯಿಯ ಕಡೆಯಿಂದಲೇ ಇಳಿದು ಬರುತ್ತಿದ್ದವು. ಯಜಮಾನಿಕೆ ಹೆಚ್ಚಾಗಿ ಗಂಡಸರ ಕೈಯಲ್ಲೇ ಇದ್ದರೂ, ಮಣ್ಣಿನ ಹಕ್ಕು ಹೆಣ್ಣಿನ ಸಂತಾನಕ್ಕೆ ಎಂಬುದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಕೇರಳದಲ್ಲಿ ಹೆಂಗಸರ ಸ್ವಸಹಾಯ ಗುಂಪುಗಳ ಯೋಜನೆಯಾದ ಕುಟುಂಬಶ್ರೀ 1998ರಲ್ಲಿ ಶುರುವಾದಮೇಲೆ ಹೆಂಗಸರು ಗುಂಪಾಗಿ ಪಾಳುಬಿದ್ದ ಗದ್ದೆಗಳನ್ನು ಗೇಣಿಗೆ ಪಡೆದು ಭತ್ತ, ತರಕಾರಿ ಬೆಳೆಯುತ್ತಿರುವುದನ್ನೂ ನಾವು ನೋಡುತ್ತಿದ್ದೇವೆ. ಅವರಿಗೆ ಕೃಷಿ ಬೇಡವಾಗಿಲ್ಲ. ದುಡಿದದ್ದು ತಮ್ಮ ಪಾಸ್‌ಬುಕ್ಕಿನಲ್ಲಿ ಕಂಡರೆ ಮಧ್ಯಾಹ್ನದ ಬಿಸಿಲಿನಲ್ಲೂ ಗದ್ದೆಗೆ ಇಳಿಯುತ್ತಾರೆ.

ಗಡಿಯ ವಿಷಯಕ್ಕೆ ಬರೋಣ. ಪುತ್ತೂರು, ಬಂಟ್ವಾಳ, ಸುಳ್ಯಗಳಿಗೂ ನಮಗೂ ನಡುವೆ ಹೆಣ್ಣು ಕೊಡುವ ತರುವ ಸಂಬಂಧ 1956ರ ನವೆಂಬರ್ 1ಕ್ಕಿಂತ ಬಹಳ ಹಿಂದಿನದು. ಅಂದು ರಾಜ್ಯ ಬೇರೆಯಾಯಿತು, ನೆಂಟಸ್ತಿಕೆ ಬೇರೆಯಾಗಲಿಲ್ಲ. ಆದರೆ ಓದಿದ, ಕೆಲಸದಲ್ಲಿರುವ ಹುಡುಗಿಗೆ ಆ ಗೆರೆ ಈಗ ಅತ್ತೆಮಾವಂದಿರಿಗೆ ಕಾಣದಷ್ಟು ಸ್ಪಷ್ಟವಾಗಿ ಕಾಣುತ್ತದೆ. ಕರ್ನಾಟಕದಲ್ಲಿ ಬಿ.ಎಡ್. ಮಾಡಿದವಳು ಇಲ್ಲಿ ಶಿಕ್ಷಕಿಯಾಗಬೇಕಾದರೆ ಸಾಮಾನ್ಯವಾಗಿ ಕೇರಳದ ಅರ್ಹತಾ ಪರೀಕ್ಷೆ ಬರೆಯಬೇಕು. ಹಿಂದುಳಿದ ವರ್ಗಗಳ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ವಿಲೇಜ್ ಆಫೀಸಿನ ಕಾಗದ ಮಲಯಾಳದಲ್ಲಿರುತ್ತದೆ. 2017ರ ಮಲಯಾಳ ಕಡ್ಡಾಯ ಕಲಿಕೆಯ ಕಾಯ್ದೆಯ ಮೇಲೆ ಇಲ್ಲಿನ ಕನ್ನಡಿಗರು ಹೋರಾಟ ನಡೆಸಿದ್ದನ್ನು ಅವಳೂ ಓದಿದ್ದಾಳೆ, ನಾಳೆ ತನ್ನ ಮಗು ಯಾವ ಭಾಷೆಯಲ್ಲಿ ಓದುತ್ತದೆ ಎಂದು ಯೋಚಿಸುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ, 2020ರ ಮಾರ್ಚ್ ತಿಂಗಳ ಲಾಕ್‌ಡೌನಿನಲ್ಲಿ ತಲಪಾಡಿಯ ಗಡಿಯೂ ಒಳದಾರಿಗಳೂ ಮುಚ್ಚಿ, ರಸ್ತೆಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ರೋಗಿಗಳು ಸತ್ತದ್ದನ್ನು ಗಡಿಯ ಎರಡೂ ಕಡೆಯವರು ಮರೆತಿಲ್ಲ. ನಮ್ಮ ಜಿಲ್ಲೆಯ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. ಇಂದಿಗೂ ತೊಡಕಿನ ಹೆರಿಗೆ ಎಂದರೆ ನಮ್ಮವರು ಹೊರಡುವುದು ಮಂಗಳೂರಿಗೇ. ಈ ಸಂಗತಿಯನ್ನು ಹುಡುಗಿಯ ಮನೆಯವರು ಕೇಳುವ ಮೊದಲೇ ಹುಡುಗನ ಮನೆಯವರು ಹೇಳಬೇಕು: ರಾತ್ರಿ ನೋವು ಬಂದರೆ ಯಾವ ಗಾಡಿ, ಯಾವ ದಾರಿ, ಎಷ್ಟು ಹೊತ್ತು.

ಎಣ್ಮಕಜೆಯಂಥ ಪಂಚಾಯತುಗಳವರಿಗೆ ಇನ್ನೊಂದು ಭಾರವಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು ನಿಂತು ಎರಡು ದಶಕ ಕಳೆದಿದೆ, ಸುಪ್ರೀಂ ಕೋರ್ಟ್ 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿದೆ. ಆದರೂ ಊರಿನ ಹೆಸರು ಕೇಳಿದ ಕೂಡಲೇ ಹಿಂದೆ ಸರಿಯುವವರು ಇದ್ದಾರೆ. ಈ ಭಯಕ್ಕೆ ಸಿಟ್ಟಿನಿಂದ ಉತ್ತರಿಸಿ ಫಲವಿಲ್ಲ. ಯಾವ ಗುಡ್ಡೆ, ಯಾವ ನೀರು, ಮನೆಯವರ ಆರೋಗ್ಯ ಹೇಗಿದೆ ಎಂಬುದನ್ನು ಎದುರಿಗಿಟ್ಟು ಮಾತಾಡುವುದೇ ದಾರಿ.

ಇಲ್ಲಿ ಸಿಗದವರನ್ನು ದೂರದಿಂದ ತರುವುದು ಈಚೆಗೆ ಹೆಚ್ಚಿದೆ. ಉತ್ತರ ಕರ್ನಾಟಕದಿಂದ, ಉತ್ತರ ಭಾರತದಿಂದ ಬಂದು, ಹವಿಗನ್ನಡವನ್ನೋ ತುಳುವನ್ನೋ ಕಲಿತು, ತೋಟವನ್ನು ಮನಸಾರೆ ನಡೆಸುತ್ತಿರುವ ಹೆಣ್ಣುಮಕ್ಕಳಿದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಬ್ರೋಕರಿಗೆ ಹಣ ಕೊಟ್ಟು, ಒಂದು ವಾರದಲ್ಲಿ ಮದುವೆ ಮುಗಿಸಿ, ಭಾಷೆ ತಿಳಿಯದ ಹುಡುಗಿಯನ್ನು ಬಸ್ಸಿಲ್ಲದ ಕಣಿವೆಗೆ ಕರೆತರುವುದರಲ್ಲಿ ಇಬ್ಬರಿಗೂ ಅಪಾಯವಿದೆ. ತವರಿಗೆ ದೂರವಿರುವವಳು ಪ್ರಶ್ನೆ ಕೇಳಲಾರಳು ಎಂಬ ಕಾರಣಕ್ಕೇ ದೂರದ ಸಂಬಂಧ ಸುಲಭವೆನಿಸಿದರೆ, ಅದು ಜೊತೆಗಾರ್ತಿಯನ್ನು ಹುಡುಕಿದಂತಾಗಲಿಲ್ಲ. ಜಾಗ ಮಾಡಲು ಹೊರಟ ಹೆಣ್ಣುಮಕ್ಕಳ ಮಾತನ್ನೂ ಇಲ್ಲೇ ಹೇಳಬೇಕು. ಸಂಖ್ಯೆಯಲ್ಲಿ ಕಡಿಮೆ, ಆದರೆ ಇದ್ದಾರೆ. ಹೆಂಡತಿಯ ಜಾಗಕ್ಕೆ ಹೋಗಿ ನೆಲೆಸುವುದು ಗಂಡಿಗೆ ಅವಮಾನವೆಂಬ ಭಾವನೆ ಅವರಿಗೆ ಎದುರಾಗುತ್ತಿದೆ. ತೋಟದ ಹುಡುಗರಿಗೆ ಹೆಣ್ಣಿಲ್ಲ ಎನ್ನುವ ಊರಿನಲ್ಲೇ ತೋಟದ ಹುಡುಗಿಗೆ ಗಂಡಿಲ್ಲ.

ನನಗೆ ತಿಳಿದ ಮಟ್ಟಿಗೆ, ಸಂಬಂಧ ಗಟ್ಟಿಯಾಗಿ ನಿಂತಿರುವ ಕಡೆಗಳಲ್ಲೆಲ್ಲ ತೋಟದ ನಕ್ಷೆ ಅರ್ಧ ಖಾಲಿಯಿತ್ತು. ಮನೆ ಎಲ್ಲಿ, ಅಡಿಗೆಮನೆಯ ಕಿಟಕಿ ಯಾವ ಕಡೆಗೆ, ಹಸು ಬೇಕೋ ಬೇಡವೋ, ಅಡಿಕೆಯೊಂದೇ ಸಾಕೋ ಎಂಬುದನ್ನೆಲ್ಲ ಮೊದಲೇ ತೀರ್ಮಾನಿಸಿ, ಕೊನೆಗೆ ಅದರಲ್ಲಿ ಹೊಂದಿಕೊಳ್ಳುವ ಒಬ್ಬರನ್ನು ಹುಡುಕಿದವರಿಗೆ ಹೊಂದಿಕೊಳ್ಳುವವರು ಸಿಗಲಿಲ್ಲ. ಸಿಕ್ಕಿದರೂ ಉಳಿಯಲಿಲ್ಲ. ನೀರು ನಿಶ್ಚಯವಾದ ಮೇಲೆ, ಸಸಿ ಇಡುವ ಮೊದಲು ಮಾತುಕತೆ ಶುರುಮಾಡುವುದು ಒಳ್ಳೆಯದು ಎಂದು ನಾನು ಹೇಳುತ್ತೇನೆ. ನೀರು ಮೊದಲು ಏಕೆಂದರೆ, ಸುರಂಗದ ನೀರು ಏಪ್ರಿಲಿನಲ್ಲಿ ಎಷ್ಟು ಇಳಿಯುತ್ತದೆ ಎಂದು ತಿಳಿಯದೆ ಯಾರನ್ನೂ ಆ ಜಾಗಕ್ಕೆ ಕರೆಯುವುದು ನ್ಯಾಯವಲ್ಲ. ಕೆಂಪುಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗದಿಂದ ಮಾರ್ಚ್ ತನಕ ಧಾರೆಯಾಗಿ ಬಂದ ನೀರು ಮೇ ತಿಂಗಳಲ್ಲಿ ಬೆರಳಿನಷ್ಟಾಗುವುದುಂಟು.

ಮನೆ ನೋಡಲು ಕರೆಯುವ ಕಾಲವನ್ನೂ ಬದಲಾಯಿಸಬೇಕು. ನಾವು ಡಿಸೆಂಬರಿನಲ್ಲಿ, ಅಂಗಳ ಸಾರಿಸಿ ಅಡಿಕೆ ಹರವಿದಾಗ ಕರೆಯುತ್ತೇವೆ. ಪೆರ್ಲದ ಕಡೆ ಜಾಗ ಮಾಡಿದ ಒಬ್ಬ ಯುವಕ, ಮಾತುಕತೆ ನಡೆಯುತ್ತಿದ್ದ ಹುಡುಗಿಯನ್ನೂ ಅವಳ ಅಣ್ಣನನ್ನೂ ಜುಲೈಯಲ್ಲಿ ಬರಹೇಳಿದ. ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಸಲ ಮದ್ದು ಸಿಂಪಡಿಸುವ ವಾರ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಕಲಸುತ್ತ, ಮಳೆ ಬಿಡುವುದನ್ನೇ ಕಾಯುತ್ತ, ಎಲ್ಲರ ಕೈಯೂ ನೀಲಿ. ಎರಡು ದಿನ ಕರೆಂಟಿರಲಿಲ್ಲ, ಬಚ್ಚಲ ಒಲೆಗೆ ಹಸಿ ಸೋಗೆ ಹೊಗೆಯಾಡುತ್ತಿತ್ತು, ಕಾಲಿಗೆ ಜಿಗಣೆ. ಅವಳು ಮೂರನೆಯ ದಿನ ಹೊರಡುವಾಗ ಒಂದು ಹಾಳೆಯಲ್ಲಿ ಬರೆದುಕೊಂಡ ಪಟ್ಟಿಯನ್ನು ಅವನ ಕೈಗೆ ಕೊಟ್ಟಳು. ಒಳಗೊಂದು ಶೌಚಾಲಯ, ಇನ್ವರ್ಟರಿಗೆ ಇನ್ನೊಂದು ಬ್ಯಾಟರಿ, ಸೊಸೈಟಿಯಲ್ಲಿ ಇಬ್ಬರ ಹೆಸರಿನ ಖಾತೆ, ತಾನು ಸ್ಕೂಟರ್ ಕಲಿಯುವವರೆಗೆ ಮುಖ್ಯರಸ್ತೆಗೆ ಇಳಿಯುವ ವ್ಯವಸ್ಥೆ, ಮತ್ತು ಮೇಲಿನ ತಟ್ಟಿನಲ್ಲಿ ಅಡಿಕೆ ಬದಲು ತನಗೆ ಬೇಕಾದ ಹಣ್ಣಿನ ಗಿಡಗಳಿಗೆ ಇಪ್ಪತ್ತೈದು ಸೆಂಟ್ಸು. ಅವನು ಆ ಹಾಳೆಯನ್ನು ನನಗೆ ತೋರಿಸಿದಾಗ ಕೊನೆಯ ಸಾಲಿನ ಎದುರು ಪೆನ್ಸಿಲಿನಲ್ಲಿ ಗುಂಡಿಗಳ ಲೆಕ್ಕ ಬರೆದಿತ್ತು, ಮೇಲಿನ ತಟ್ಟಿನಲ್ಲಿ ಅಡಿಕೆಗೆಂದು ತೆಗೆದಿಟ್ಟಿದ್ದ ಗುಂಡಿಗಳನ್ನು ಮುಚ್ಚಲು ಆಳುಗಳು ಆಗಲೇ ಬಂದಿದ್ದರು.